ಮಾರ್ಸಲಮ್ಮನ ಬಾಯಿ, ಮುಡಿಯಪ್ಪನ ಎಂಜಿನ್

ಮಾರ್ಸಲಮ್ಮನ ಬಾಯಿಗೆ ಹೆದರದವರು ಪರುತ್ತಿತುರದ ಕಡಲತೀರದಲ್ಲಿ ಒಬ್ಬರೂ ಇರಲಿಲ್ಲ. ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬೋಗುಣಿ ಹೊತ್ತು ಪೇಟೆಗೆ ನಡೆದವಳು. ಚೌಕಾಸಿಗೆ ನಿಂತವರನ್ನು ಬೈದು ಓಡಿಸುವಳು. ಓಡಿದವರೇ ಮಾರನೆಯ ದಿನ ಬಂದು ಅವಳ ಹತ್ತಿರವೇ ಕೊಳ್ಳುವರು, ಯಾಕೆಂದರೆ ಅವಳ ಮೀನು ಕೊಳೆತದ್ದಲ್ಲ. ಆರು ವರ್ಷದ ಹಿಂದೆ ಒಂದು ಭಾನುವಾರ, ಪೂಜೆ ಮುಗಿದು ಊರೆಲ್ಲ ಇಗರ್ಜಿಯಿಂದ ಹೊರಬರುವಾಗ, ಅವಳು ಮೂರನೆಯ ಮೆಟ್ಟಿಲ ಮೇಲೆ ನಿಂತು ಒಡಹುಟ್ಟಿದ ತಮ್ಮನ ಮಾನ ಹರಾಜು ಹಾಕಿದ್ದಳು.

"ಕೇಳ್ರಪ್ಪೋ ಎಲ್ಲಾರೂ! ಈ ಜೆರೋನ್ಸ್ ನಮ್ಮ ಎಂಜಿನ್ ಇಸ್ಕೊಂಡು ಹೋಗಿ ಕೊಂದು ತಂದಿಟ್ಟಿದಾನೆ! ಸೀಮೆಎಣ್ಣೇಲೇ ನಿಲ್ಲಿಸಿದಾನೆ! ಇನ್ನು ಯಾರಾದ್ರೂ ಇವನ ಕೈಗೆ ಎಂಜಿನ್ ಕೊಟ್ಟೀರಾ, ಜೋಕೆ!"

ಆ ತೀರದಲ್ಲಿ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ ಪೆಟ್ರೋಲಿನಲ್ಲಿ ಹೊತ್ತಿಕೊಂಡು ಸೀಮೆಎಣ್ಣೆಯಲ್ಲಿ ಓಡುತ್ತದೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು, ಇಲ್ಲವಾದರೆ ಉಳಿದ ಸೀಮೆಎಣ್ಣೆ ಒಳಗೆ ಅಂಟಾಗಿ ಕೂರುತ್ತದೆ. ಜೆರೋನ್ಸ್ ಬರೀ ಬೆಸ್ತನಲ್ಲ, ಎಂಜಿನ್ ಮೇಸ್ತ್ರಿ. ಅವನಿಗೆ ಈ ಮಾತು ಅಂದದ್ದು ಸೂಲಗಿತ್ತಿಗೆ ಕೂಸು ಕೊಂದೆ ಅಂದ ಹಾಗಾಯಿತು. ಮೂರು ತಿಂಗಳು ಅವನ ರಿಪೇರಿ ಕೊಟ್ಟಿಗೆಗೆ ಯಾರೂ ಕಾಲಿಡಲಿಲ್ಲ. ಅಕ್ಕತಮ್ಮಂದಿರ ಮಾತು ಅಂದಿಗೇ ಕಡಿಯಿತು. ಅವನ ಮಗಳ ಮದುವೆಗೆ ಇವಳಿಗೆ ಕರೆಯಿಲ್ಲ. ಕರೆದಿದ್ದರೂ ಇವಳು ಹೋಗುತ್ತಿರಲಿಲ್ಲ.

ಅವಳ ಕೈಯಲ್ಲಿದ್ದ ಆಧಾರ ಗಂಡನ ಮಾತೊಂದೇ. "ಮಾರ್ಚಿನಲ್ಲಿ, ತಪಸ್ಸು ಕಾಲದಲ್ಲಿ ಅವನು ತಂದಿಟ್ಟ ಮೇಲೆ ನಾನು ಮುಟ್ಟೇ ಇಲ್ಲ. ಜೂನ್‌ನಲ್ಲಿ ಹಗ್ಗ ಎಳೆದ್ರೆ ಹೊತ್ತಲೇ ಇಲ್ಲ," ಎಂದಿದ್ದ ಮುಡಿಯಪ್ಪನ್. ಅವನು ಇಗರ್ಜಿ ಕಮಿಟಿಯವನು, ಹಬ್ಬದಲ್ಲಿ ಸಂತರ ಮೂರ್ತಿಗೆ ಕೊಡೆ ಹಿಡಿಯುವವನು. ಅಂಥವನು ಸುಳ್ಳು ಹೇಳುತ್ತಾನೆಯೇ? ಕೆಡಿಸಿದವನೇ ಬಂದು ಸರಿಮಾಡಲಿ ಎಂದು ಮಾರ್ಸಲಮ್ಮ ಹಟ ಹಿಡಿದಳು. ಎಂಜಿನ್ ಗೋಣಿ ಹೊದ್ದು ಅಡುಗೆಮನೆಯ ಹಿಂದೆ ಆರು ವರ್ಷ ನಿಂತಿತು.

ಈ ಸಲದ ಮಳೆಗಾಲದಲ್ಲಿ ಕರ್ಕಾಟಕ ಮಾಸದ ಅಲೆಗಳು ಅವರ ಇನ್ನೊಂದು ಎಂಜಿನ್ನನ್ನು ನುಂಗಿದವು. ಭಾನುವಾರ ಹನ್ನೊಂದು ಗಂಟೆಗೆ ಎಂಜಿನ್ ತಪಾಸಣೆಗೆ ಅಧಿಕಾರಿಗಳು ತೀರಕ್ಕೆ ಬರುವವರಿದ್ದರು. ಅವರ ಕಣ್ಣೆದುರು ಓಡದ ಎಂಜಿನ್ನಿಗೆ ಸರ್ಕಾರದ ಅಗ್ಗದ ಸೀಮೆಎಣ್ಣೆಯ ಪರ್ಮಿಟ್ ಇಲ್ಲ. ಪರ್ಮಿಟ್ ಇಲ್ಲದಿದ್ದರೆ ದೋಣಿ ಮರಳಿನ ಮೇಲೆ, ಮುಡಿಯಪ್ಪನ್ ಇನ್ನೊಬ್ಬರ ದೋಣಿಯಲ್ಲಿ ಆಳು. ಇಷ್ಟು ಹಳೆಯ ಎಂಜಿನ್ನಿನ ನಾಡಿ ಬಲ್ಲವನು ಆ ತೀರದಲ್ಲಿ ಒಬ್ಬನೇ. ಶುಕ್ರವಾರ ಬೆಳಿಗ್ಗೆ ಮಾರ್ಸಲಮ್ಮ ಹಲ್ಲು ಕಚ್ಚಿಕೊಂಡು ಎಂಜಿನ್ನನ್ನು ಆಟೋಗೆ ಹೇರಿಸಿ, ಗಂಡನೊಂದಿಗೆ ತಮ್ಮನ ಕೊಟ್ಟಿಗೆಗೆ ಹೋದಳು.

ಜೆರೋನ್ಸ್ ತಲೆಯೆತ್ತಲಿಲ್ಲ.

"ಭಾವ, ಆ ಹೆಂಗಸಿಗೆ ಹೇಳಿ, ಬೆಳಕಿಗೆ ಅಡ್ಡ ನಿಲ್ಬೇಡ ಅಂತ."

"ಅಡ್ಡ ನಿಲ್ಬೇಡ್ವಂತೆ," ಎಂದ ಮುಡಿಯಪ್ಪನ್.

"ನನಗೂ ಕಿವಿ ಇದೆ. ಅವನಿಗೆ ಹೇಳು, ಈ ಸಲಾನೂ ಸಾಯಿಸಿದ್ರೆ ಹೂಳೋ ಖರ್ಚು ಅವನದೇ ಅಂತ."

"ಹೂಳೋ ಖರ್ಚು..."

"ಕೇಳಿಸ್ತು ಭಾವ."

ಜೆರೋನ್ಸ್ ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಹನಿಸಿದ. ಮೇಲಿನ ಚಕ್ರವನ್ನು ಅಂಗೈಯಲ್ಲಿ ಮೆಲ್ಲಗೆ ಅಲುಗಾಡಿಸಿದ. ಬಹಳ ಹೊತ್ತಿನ ಮೇಲೆ ಅದು ನರಳುತ್ತ ತಿರುಗಿತು. ಆಮೇಲೆ ಕಾರ್ಬುರೇಟರ್ ಬಿಚ್ಚಿದ. ಒಳಗೆ ಹಲಸಿನ ಮೇಣದಂಥ ಕಪ್ಪು ಅಂಟು.

ಮಾರ್ಸಲಮ್ಮ ಹೊರಗೆ ನೆರೆದವರತ್ತ ತಿರುಗಿದಳು. "ಬನ್ನಿ, ನೋಡ್ಬನ್ನಿ! ನಾನೇನು ಸುಳ್ಳು ಹೇಳಿದ್ನಾ? ಮೇಸ್ತ್ರಿಯಂತೆ ಮೇಸ್ತ್ರಿ!"

ಜೆರೋನ್ಸನ ಮುಖ ಕಪ್ಪಿಟ್ಟಿತು. ತಾನು ಪೆಟ್ರೋಲಿನಲ್ಲೇ ನಿಲ್ಲಿಸಿದ್ದು ಅವನಿಗೆ ಗೊತ್ತು. ಆದರೆ ಆ ಅಂಟಿನೆದುರು ಅವನ ಮಾತಿಗೆ ಬೆಲೆಯೆಲ್ಲಿ? ತುಟಿ ಬಿಗಿದು, ನೀರು ತಳ್ಳುವ ಕೆಳಗಿನ ಫ್ಯಾನು ಬಿಚ್ಚತೊಡಗಿದ. ಅದರ ಹಿಂದೆ ಗಾಳದ ದಾರವೊಂದು ಸುತ್ತಿಕೊಂಡಿತ್ತು. ಇಕ್ಕುಳದಿಂದ ಎಳೆದು ಅಕ್ಕನ ಕಾಲ ಬುಡಕ್ಕೆ ಎಸೆದ. ತುಕ್ಕು ಹಿಡಿದ ಮೂರು ಗಾಳ, ಒಂದೊಂದಕ್ಕೂ ಗುಲಾಬಿ ಜರಿ.

ಮಾರ್ಸಲಮ್ಮ ಅದನ್ನು ನೋಡಿದಳು. ಮಿನುಗು ಕಂಡು ಬಂಗುಡೆ ಕಚ್ಚಲೆಂದು ಆ ಜರಿ ಕಟ್ಟಿದವಳು ಅವಳೇ. ಮಗಳು ಸ್ಟೆಲ್ಲಾಳ ಮೊದಲ ಪರಮಪ್ರಸಾದದ ಫ್ರಾಕಿಗೆ ಹಚ್ಚಿ ಉಳಿದ ಜರಿ ಅದು. ಅದನ್ನು ಕೊಂಡದ್ದು ಆ ವರ್ಷದ ಮೇ ತಿಂಗಳಲ್ಲಿ. ಜೆರೋನ್ಸ್ ಎಂಜಿನ್ ತಂದಿಟ್ಟದ್ದು ಮಾರ್ಚಿನಲ್ಲಿ. ಅವನು ತಂದಿಟ್ಟ ಮೇಲೆ ಈ ಎಂಜಿನ್ ಕಡಲು ಕಂಡಿತ್ತು.

ಮೆಲ್ಲಗೆ ಕಾಲು ಸರಿಸಿ ಗಾಳದ ಮೇಲಿಟ್ಟಳು. ಬೇರೆ ಯಾರಿಗೂ ಆ ಜರಿಯ ಗುರುತಿರಲಿಲ್ಲ. ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಗಂಡನತ್ತ ನೋಡಿದರೆ ಅವನು ತುಂಬ ಕುತೂಹಲದಿಂದ ಆಕಾಶ ನೋಡುತ್ತಿದ್ದ. ಅವಳ ಬಾಯಿ ಯಾವತ್ತು ಅವಳ ಮಾತು ಕೇಳಿದ್ದಿದೆ?

"ಯಾವತ್ತು ಹೋಗಿದ್ದೆ?"

"ಎಲ್ಲಿಗೆ?"

"ಸ್ಟೆಲ್ಲಾಳ ಜರಿ ಕಣೋ ಇದು! ಫ್ರಾಕ್ ಹೊಲಿಸಿದ ಮೇಲೆ ನಾನೇ ಕಟ್ಟಿದ ಗಾಳ! ಯಾವತ್ತು ಹೋಗಿದ್ದೆ?"

ಮುಡಿಯಪ್ಪನ್ ಪಂಚೆಯ ತುದಿ ಹಿಂಡಿದ. "ಒಂದೇ ಒಂದ್ ಭಾನುವಾರ ಕಣೇ. ಬಂಗುಡೆ ದಡದ ಹತ್ರಾನೇ ಬಂದಿತ್ತು. ಫ್ಯಾನಿಗೆ ದಾರ ಸಿಕ್ಕಿ ತಡವಾಯ್ತು. ಅಷ್ಟರಲ್ಲಿ ಪೂಜೆ ಗಂಟೆ ಹೊಡೀತು, ಅವಸರದಲ್ಲಿ ಸೀಮೆಎಣ್ಣೇಲೇ ನಿಲ್ಲಿಸಿ ಬಂದ್ಬಿಟ್ಟೆ."

ಭಾನುವಾರ ಆ ತೀರದಿಂದ ದೋಣಿ ಇಳಿಯುವಂತಿಲ್ಲ. ಇಳಿಸಿದವರನ್ನು ಕಮಿಟಿಯವರು ಇಗರ್ಜಿಯಲ್ಲಿ ನಿಲ್ಲಿಸಿ ದಂಡ ಹಾಕುತ್ತಾರೆ. ಎಷ್ಟೋ ಜನರಿಗೆ ಮುಡಿಯಪ್ಪನೇ ಹಾಕಿದ್ದ.

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಮಾರ್ಸಲಮ್ಮ ದನಿ ತಗ್ಗಿಸಿ, "ಜೆರೋನ್ಸೇ..." ಎಂದಳು.

ಅವನು ಆರು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ. "ಆವತ್ತು ಮೆಟ್ಟಿಲ ಮೇಲೆ ನಿಂತು ಕೂಗ್ದೆ. ಇವತ್ತು ಇಲ್ಲಿ ಪಿಸುಗುಟ್ಬೇಡ."

ಕಾರ್ಬುರೇಟರಿನ ಜೆಟ್, ಕಿರುಬೆರಳ ಉಗುರಿನಷ್ಟು ಹಿತ್ತಾಳೆಯ ತುಂಡು, ಅದರ ತೂತಿನ ಅಂಟನ್ನು ತಂತಿಯಿಂದ ಕೆದಕಿ ತೆಗೆದ. ಬೆಳಕಿಗೆ ಹಿಡಿದು ನೋಡಿದ. ಅಂಗಿಯ ಜೇಬಿಗೆ ಹಾಕಿಕೊಂಡ.

"ಇದಿಲ್ದೆ ಎಂಜಿನ್ ಕೆಮ್ಮೋದೂ ಇಲ್ಲ. ಭಾನುವಾರ ಪೂಜೆ ಮುಗಿಯೋದು ಒಂಬತ್ತಕ್ಕೆ. ಅದೇ ಮೂರನೇ ಮೆಟ್ಟಿಲು. ನೀನು ಹೇಳಿದ್ ಮೇಲೆ ಇದು ಒಳಗೆ ಹೋಗುತ್ತೆ."

"ಅಕ್ಕನ ಮಾನ ತೆಗೀತೀಯೇನೋ, ಪಾಪಿ?"

"ನನ್ನದು ತೆಗೆದಾಗ ನಾನು ನಿನ್ನ ತಮ್ಮನೇ ಆಗಿದ್ದೆ."

ಎರಡು ದಿನ ಆ ಮನೆಯಲ್ಲಿ ಮುಡಿಯಪ್ಪನಿಗೆ ಅನ್ನ ಬೇಯಲಿಲ್ಲ. ಚಹಾ ಅಂಗಡಿಯ ಮರಗೆಣಸೇ ಗತಿಯಾಯಿತು.

ಭಾನುವಾರ ಜನ ಹೊರಬಂದರು. ಮಾರ್ಸಲಮ್ಮ ಮೂರನೆಯ ಮೆಟ್ಟಿಲ ಮೇಲೆ ನಿಂತಳು. ಇಡೀ ಮಾರ್ಕೆಟ್ಟನ್ನು ಅಲುಗಾಡಿಸುವ ಆ ಗಂಟಲಿನಿಂದ ಎಳೆಯಷ್ಟು ದನಿ ಬಂತು. "ಎಂಜಿನ್ ಕೆಡಿಸಿದ್ದು ನನ್ನ ತಮ್ಮ ಅಲ್ಲ..."

ಗೇಟಿನ ಬಳಿ ಜೆರೋನ್ಸ್ ಜೇಬಿನ ಮೇಲೆ ಕೈಯಿಟ್ಟು ನಿಂತಿದ್ದ. "ಜೋರಾಗಿ. ಹಿಂದಿನವರಿಗೆ ಕೇಳಿಸ್ಲಿಲ್ಲ."

ಅವನನ್ನೇ ಸುಡುವಂತೆ ನೋಡುತ್ತ ಅವಳು ಉಸಿರು ತುಂಬಿಕೊಂಡಳು. "ನನ್ನ ಗಂಡ ಕೆಡಿಸಿದ್ದು! ಭಾನುವಾರ ಕದ್ದು ಕಡಲಿಗೆ ಹೋಗಿದ್ದ! ಸುಳ್ಳು ಕೂಗಿದ್ದು ನಾನು! ತಪ್ಪು ನಂದು! ಸಾಕೇನೋ?"

ಜೆರೋನ್ಸ್ ಜೇಬಿನಿಂದ ಜೆಟ್ ತೆಗೆದು ತೀರದ ಕಡೆ ನಡೆದ.

ಹನ್ನೊಂದಕ್ಕೆ, ಅಧಿಕಾರಿಗಳ ಎದುರು, ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ ಮೂರನೆಯ ಎಳೆತಕ್ಕೆ ಗದ್ದಲವೆಬ್ಬಿಸಿ ಹೊತ್ತಿಕೊಂಡಿತು. ಅವರು ನಂಬರು ಬರೆದುಕೊಂಡು ಮುಂದೆ ಹೋದರು. ಜೆರೋನ್ಸ್ ಎಲ್ಲರಿಗೂ ಕಾಣುವಂತೆ ಪೆಟ್ರೋಲಿಗೆ ತಿರುಗಿಸಿದ, ಕಾದ, ಆಮೇಲೆ ನಿಲ್ಲಿಸಿದ.

"ಕೂಲಿ ಎಷ್ಟಾಯ್ತು?" ಎಂದಳು ಮಾರ್ಸಲಮ್ಮ.

ಅವನು ಕೈ ಒರೆಸಿಕೊಂಡ. ಅವಳತ್ತ ನೋಡಲಿಲ್ಲ.

"ಭಾವ, ಆ ಹೆಂಗಸಿಗೆ ಹೇಳಿ, ಕೂಲಿ ಮೆಟ್ಟಿಲ ಮೇಲೇ ಕೊಟ್ಟಾಯ್ತು ಅಂತ."

ಮುಡಿಯಪ್ಪನ್ ಬಾಯಿ ತೆರೆದ.

"ನೀನು ಮುಚ್ಚು," ಎಂದಳು ಅವಳು. "ನನಗೂ ಕಿವಿ ಇದೆ."