ನೀಲಮ್ಮ ಆಂಟಿ ತೋರಿಸುವ ವಿಮಾನಗಳು

ಹಾಸಿಗೆ, ಒಲೆ ಎಲ್ಲ ಇರುವ ಆರ್‌ವಿ ಗಾಡಿಯಲ್ಲಿ ದಾರಿಯುದ್ದಕ್ಕೂ ಮಲಗಿಕೊಂಡೇ ಹೋಗಬಹುದೆಂದು ನಂಬಿ, ವಾರವಿಡೀ ಆಫೀಸಿನಲ್ಲಿ ದಣಿದಿದ್ದ ನಾನು ದಿಂಬು ಸಮೇತ ಹತ್ತಿದ್ದೆ.

“ಏ ತಮ್ಮಾ, ಇದು ಆಸ್ಪತ್ರಿ ವಾರ್ಡ್ ಅಲ್ಲ. ಎದ್ದು ಬೆಲ್ಟ್ ಹಾಕ್ಕೋ,” ಎಂದರು ಸ್ಟಿಯರಿಂಗ್ ಹಿಡಿದಿದ್ದ ನೀಲಮ್ಮ ಆಂಟಿ.

ನಮ್ಮ ಓಲ್ಡ್ ಬ್ರಿಡ್ಜ್ ಊರಿನ ಈ ನಿವೃತ್ತ ನರ್ಸ್, ಗಂಡ ಚನ್ನವೀರ ಅಂಕಲ್‌ಗೆ ದೃಷ್ಟಿ ಹೆಚ್ಚು ದಿನ ಉಳಿಯದೆಂದು ಡಾಕ್ಟರು ಹೇಳಿದಂದಿನಿಂದ ತಾವೇ ಗಾಡಿ ಓಡಿಸುತ್ತಾರೆ. ನಾವು ತಲುಪಿದ್ದು ಯುದ್ಧವಿಮಾನಗಳ ಮ್ಯೂಸಿಯಂ; ಈ ಬೇಸಿಗೆಯಲ್ಲಿ ಅವರಿಗೆ ಇದು ಮೂರನೆಯದು. ಅಂಕಲ್ ಹಳೆಯ ಬಾಂಬರ್‌ಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡುತ್ತಿದ್ದರು. ಆಂಟಿ ಬೆಂಚಿನ ಮೇಲೆ ಕೂತು ಊದಿದ ಪಾದ ಒತ್ತಿಕೊಳ್ಳುತ್ತಿದ್ದರು.

“ನಿಜ ಹೇಳಿ ಆಂಟಿ, ನಿಮಗೆ ವಿಮಾನ ಇಷ್ಟಾನಾ?”

“ಒಂದೀಟೂ ಇಲ್ಲ. ಅವ್ರಿಗೆ ಕಣ್ಣು ಕಾಣೂತನಕ ತೋರಸ್ತೀನಿ. ಆಮ್ಯಾಲೆ ಮಕ್ಕೋತೀನಿ.”