ಜೋಳದ ಹೊಲಕ್ಕೆ ಬಂದ ಮಾಸ್ತರರು

ಮೂಡಲಗಿಯ ನಮ್ಮ ಇಂಗ್ಲಿಷ್ ಶಾಲೆಗೆ ಆಗ ಆರನೆಯ ಇಯತ್ತೆಯವರೆಗೆ ಮಾತ್ರ ಮಂಜೂರಾತಿ ಇತ್ತು. ಏಳನೆಯದು ಎಂದರೆ ಮ್ಯಾಟ್ರಿಕ್. ಅದಕ್ಕೆ ಬೆಳಗಾವಿಗೆ ಹೋಗಬೇಕು. ಹುಡುಗರು ಹೋಗುತ್ತಿದ್ದರು. ಆರನೆಯ ಇಯತ್ತೆಯಲ್ಲಿ ಹುಡುಗಿ ನಾನೊಬ್ಬಳೇ, ನನ್ನನ್ನು ಬೆಳಗಾವಿಗೆ ಕಳಿಸುವವರು ಯಾರೂ ಇರಲಿಲ್ಲ. ಬೆಲ್ಲದ ಬಾಗೇವಾಡಿಯ ಒಂದು ಮನೆಯವರು ದೀಪಾವಳಿಯ ಮಾರನೆಯ ವಾರ ನಮ್ಮೂರು ತುಕ್ಕಾನಟ್ಟಿಗೆ ಬಂದು ನನ್ನನ್ನು ನೋಡಿ ಹೋಗಿದ್ದರು. ಅಪ್ಪ ಅವರಿಗೆ ಹೇಳಿದ ಮಾತನ್ನು ನಾನು ಅಡಿಗೆಮನೆಯಿಂದ ಕೇಳಿಸಿಕೊಂಡೆ.

"ಮೂಡಲಗ್ಯಾಗ ಏಳನೇದು ಸುರು ಆದ್ರ ಹುಡುಗಿ ಓದತಾಳ್ರಿ. ಆಗಲಿಲ್ಲಂದ್ರ ಬ್ಯಾಸಗ್ಯಾಗ ನಿಮ್ಮ ಮನಿಗೆ ಬರತಾಳ."

ಅಪ್ಪ ಆಡಿದ ಮಾತನ್ನು ಬದಲಿಸುವವರಲ್ಲ. ಎರಡರಲ್ಲಿ ಯಾವುದಾದರೂ ಹಾಗೆಯೇ ನಡೆಯುತ್ತಿತ್ತು.

ಏಳನೆಯದು ಸುರುವಾಗಲು ಶಾಲೆಗೆ ವಿಜ್ಞಾನಕ್ಕೆಂದು ಒಂದು ಬೇರೆ ಕೋಣೆ, ನಮ್ಮ ಮಾತಿನಲ್ಲಿ ಖೋಲಿ, ಬೇಕಿತ್ತು. ಗೋಕಾಕದ ಕಡೆಯಿಂದ ಮೋಟಾರಿನಲ್ಲಿ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಹಾಗೆಂದು ಬರೆಸಿ ಹೋಗಿದ್ದರು. ಹೋಳಿ ಹುಣ್ಣಿಮೆಯಾದ ಮೇಲೆ ಮತ್ತೆ ಬರುತ್ತೇನೆ, ಮೇಲೆ ಹಂಚು ಹೊದಿಸಿದ ಖೋಲಿ ಕಂಡರೆ ಶಿಫಾರಸು ಮಾಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಿದ್ದರು.

ಸುತ್ತಲಿನ ಊರವರು ಕೂಡಿ ಗೋಡೆ ಎಬ್ಬಿಸಿದರು. ನಮ್ಮೂರಿನಿಂದ ಅಪ್ಪನೇ ಮುಂದಾಳು. ಗಾಡಿಗಳು ಕಲ್ಲು ತಂದವು. ಕುರುಬರ ಓಣಿಯ ಗಂಡಸರು ಮಣ್ಣು ತುಳಿದರು. ಮೂಡಲಗಿಯ ಹೆಂಗಸರು ದಿನಕ್ಕೊಂದು ಓಣಿಯಂತೆ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ತಂದಿಟ್ಟರು. ವಾರದ ದಿನಗಳಲ್ಲಿ ನಾನು ಮೂಡಲಗಿಯ ಸೋದರತ್ತೆಯ ಮನೆಯಲ್ಲಿರುತ್ತಿದ್ದೆ. ಹಾಗಾಗಿ ಆ ಗೋಡೆ ಏಳುವುದನ್ನು ಪ್ರತಿದಿನ ಕಂಡಿದ್ದೇನೆ. ಸಂಕ್ರಾಂತಿಗೆ ಮುಂಚೆ ಅದು ಆಳೆತ್ತರ ದಾಟಿತ್ತು.

ಗೋಡೆ ಮುಗಿದ ದಿನ ಹೆಡ್‌ಮಾಸ್ತರರು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದರು. ಅವರು ಧಾರವಾಡದ ಕಡೆಯವರು, ಕಚೇರಿಯ ಕಾರಕೂನರ ಮಗ, ತುಂಬ ಒಳ್ಳೆಯ ಮನುಷ್ಯ. ಒಬ್ಬೊಬ್ಬರ ಕೊರಳಿಗೂ ಚೆಂಡುಹೂವಿನ ಹಾರ ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟು, ಉಪಕಾರ ನೆನೆದು ಮಾತನಾಡಿದರು. ಮಾತನಾಡುವಾಗ ಅವರ ಕಣ್ಣು ತುಂಬಿದ್ದವು. ನಮ್ಮೂರವರು ಸುಮ್ಮನೆ ಹಾರ ಹಾಕಿಸಿಕೊಂಡು ಗಾಡಿ ಹೂಡಿದರು.

ಹದಿನೈದು ದಿನಗಳ ಮೇಲೆ ಹಂಚು ರೈಲಿನಲ್ಲಿ ಘಟಪ್ರಭಾ ಸ್ಟೇಶನ್ನಿಗೆ ಬಂದು ಬಿದ್ದವು. ತರಲು ಗಾಡಿ ಬೇಕು. ಹೆಡ್‌ಮಾಸ್ತರರು ಊರೂರಿಗೆ ಹೇಳಿಕಳಿಸಿದರು. ಒಂದು ಗಾಡಿಯೂ ಬರಲಿಲ್ಲ.

"ಸುಗ್ಗಿ ಅಲ್ಲ? ಜ್ವಾಳ ಕೀಳಾಕತ್ತಾರ. ಮುಗಿದ ಮ್ಯಾಲೆ ಬರತಾರ" ಎಂದು ಅವರು ಉಳಿದ ಮಾಸ್ತರರಿಗೆ ಹೇಳುವುದನ್ನು ಕೇಳಿದೆ.

ಆ ಶನಿವಾರ ಊರಿಗೆ ಹೋದಾಗ ಬೇರೆ ಮಾತು ಕೇಳಿದೆ. ಕುರುಬರ ಓಣಿಯ ಹಿರಿಯ, ನಾನು ಕಾಕಾ ಎನ್ನುತ್ತಿದ್ದವರು, ನಮ್ಮ ಕಟ್ಟೆಯ ಮೇಲೆ ಕೂತು ನಗುತ್ತಿದ್ದರು.

"ಕಾರಹುಣ್ಣಿವಿ ಎತ್ತ ಮಾಡಿ ಕಳಿಸಿದ್ರಲ್ಲೋ ನಮ್ಮನ್ನ! ಕೊರಳಿಗೆ ಹೂವು, ಕೈಯಾಗ ಕಾಯಿ. ಕೋಡಿಗೆ ಬಣ್ಣಾ ಒಂದ ಹಚ್ಚೂದ ಉಳಿದಿತ್ತು."

ಅಪ್ಪ ನಗಲಿಲ್ಲ. "ಇರಲಿ ಬಿಡೋ. ಓದಿದವರು" ಎಂದರು.

ಏನಾಗಿದೆ ಎಂದು ನನಗೆ ಆಗ ಹೊಳೆಯಿತು. ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ. ನಾನು ನಿನ್ನ ಹೊಲದಲ್ಲಿ ಒಂದು ದಿನ ದುಡಿದರೆ ನೀನು ನನ್ನ ಹೊಲಕ್ಕೆ ಒಂದು ದಿನ ಬಂದು ದುಡಿಯುತ್ತೀ. ಕೂಲಿ ಇಲ್ಲ, ಊಟ ಮಾತ್ರ. ನಮ್ಮೂರವರು ಶಾಲೆಗೆ ಮುಯ್ಯಾಳಾಗಿ ಹೋಗಿದ್ದರು. ಆ ದಿನಗಳನ್ನು ಬೇರೆಯವರ ಹೊಲಕ್ಕೆ ಕೊಟ್ಟಿದ್ದರೆ ಅಷ್ಟೂ ಜನ ಈಗ ಇವರ ಜೋಳ ಕೀಳಲು ಬರುತ್ತಿದ್ದರು. ಈಗ ಬರುವವರು ಯಾರೂ ಇರಲಿಲ್ಲ. ಬಾಜೂ ಹೊಲಗಳೆಲ್ಲ ಬಯಲಾಗಿದ್ದವು. ಅಪ್ಪನ ಎರೆಹೊಲದಲ್ಲಿ, ಶಾಲೆಗೆ ದುಡಿದ ಉಳಿದವರ ಹೊಲಗಳಲ್ಲಿ ಮಾತ್ರ ಒಣಗಿದ ಜೋಳ ನಿಂತೇ ಇತ್ತು, ಹಕ್ಕಿಗಳು ತೆನೆಗೆ ಬೀಳುತ್ತಿದ್ದವು. ಅವ್ವ ದಿನವಿಡೀ ಕವಣೆ ಬೀಸುತ್ತಿದ್ದಳು.

ಮುಯ್ಯಿಯನ್ನು ಬಾಯಿಬಿಟ್ಟು ಕೇಳುವಂತಿಲ್ಲ. ಕೇಳಿದವನ ಮಾನ ಹೋಗುತ್ತದೆ. ಆದ್ದರಿಂದ ಊರಿನವರು ಹೇಳುವುದಿಲ್ಲ, ಮಾಸ್ತರರಿಗೆ ತಿಳಿಯುವುದಿಲ್ಲ, ಹಂಚು ಬರುವುದಿಲ್ಲ. ಎರಡೂ ಕಡೆಯ ಮಾತು ಕೇಳುತ್ತಿದ್ದವಳು ನಾನೊಬ್ಬಳೇ. ನಾನು ಹೇಳಿದರೆ ಅಪ್ಪನೇ ಕೇಳಿದಂತೆ.

ಸೋಮವಾರ ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ತರರ ಖೋಲಿಯ ಹೊಸ್ತಿಲಲ್ಲಿ ನಿಂತೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಏನವಾ ತಂಗಿ?"

"ಸರ್, ನಮ್ಮೂರ ಗಾಡಿ ಬರಂಗಿಲ್ರಿ."

"ಯಾಕ? ನಾವೇನು ಕಮ್ಮಿ ಮಾಡಿದಿವು?"

ಹೇಳಿದೆ. ಅವರು ಬರೆಯುತ್ತಿದ್ದ ಟಾಕನ್ನು ಕೆಳಗಿಟ್ಟು, ಕೊನೆಯ ತನಕ ನಡುವೆ ಬಾಯಿ ಹಾಕದೆ ಕೇಳಿದರು.

"ಇಷ್ಟು ದಿನಾ ಒಬ್ಬರರೆ ಹೇಳಬಾರದಿತ್ತ?"

"ಹೇಳಂಗಿಲ್ರಿ. ಹೇಳಿ ಕರಿಸಿದ್ರ ಅದು ಮುಯ್ಯಿ ಆಗೂದಿಲ್ಲ, ಕೂಲಿ ಆಗತೈತಿ."

ಅವರು ಕುರ್ಚಿಯಿಂದ ಎದ್ದರು. "ಮನಿಗೆ ಹೋಗು" ಎಂದರು.

ಬಂದ ಐತವಾರ ಬೆಳಗ್ಗೆ, ಬಿಸಿಲು ಇನ್ನೂ ಏರಿರಲಿಲ್ಲ, ತುಕ್ಕಾನಟ್ಟಿಯ ದಾರಿಯಲ್ಲಿ ಒಂದು ಸಾಲು ಬರುತ್ತಿರುವುದು ಕಂಡಿತು. ಮುಂದೆ ಹೆಡ್‌ಮಾಸ್ತರರು, ಹಿಂದೆ ನಾಲ್ವರು ಮಾಸ್ತರರು, ಅವರ ಹಿಂದೆ ಮೇಲಿನ ಇಯತ್ತೆಗಳ ಹುಡುಗರು. ಹೊಲದ ಬದುವಿನಲ್ಲಿ ನಿಂತು ಹೆಡ್‌ಮಾಸ್ತರರು ಕೋಟು ಕಳೆದು ಜಾಲಿಗಿಡಕ್ಕೆ ತೂಗುಹಾಕಿದರು, ಧೋತರ ಮೇಲಕ್ಕೆ ಕಟ್ಟಿದರು.

"ಮುಯ್ಯಾಳು ಬಂದೀವ್ರಿ, ಗೌಡ್ರ. ತಡಾ ಆತು" ಎಂದರು.

ಅಪ್ಪ ಮೊದಲ ಸಾಲು ತೋರಿಸಿದರು.

ನಮ್ಮ ಕಡೆ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತೇವೆ. ಬಗ್ಗಿ, ಎರಡೂ ಕೈಯಿಂದ ದಂಟಿನ ಬುಡ ಹಿಡಿದು, ಸೊಂಟದಿಂದ ಜಗ್ಗಬೇಕು. ಮಾಸ್ತರರು ತೋಳಿನಿಂದ ಜಗ್ಗಿದರು. ದಂಟು ಅರ್ಧಕ್ಕೇ ಮುರಿದವು. ಕಾಕಾ ಸುಮ್ಮನಿರುವವರೇ?

"ಮಾಸ್ತರ, ಅದು ಜ್ವಾಳಾರಿ! ಹುಡುಗರ ಕಿವಿ ಅಲ್ಲ, ಹಿಂಡಬ್ಯಾಡ್ರಿ!"

"ಕಿವಿ ಇಷ್ಟ ಗಟ್ಟಿ ಇರೂದಿಲ್ಲೋ ಮಾರಾಯಾ" ಎಂದರು ಹೆಡ್‌ಮಾಸ್ತರರು, ಏದುಸಿರಿನಲ್ಲಿ. ಇಡೀ ಹೊಲ ನಕ್ಕಿತು. ಅಪ್ಪನೂ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಹೆಡ್‌ಮಾಸ್ತರರ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಅವ್ವ ಅರಿಷಿಣ ಎಣ್ಣೆ ಹಚ್ಚಿದಳು. ಅವರು ಮತ್ತೆ ಸಾಲಿಗೆ ಹೋದರು. ಅಷ್ಟು ಜನ ಕೂಡಿ ಹೊತ್ತು ಇಳಿಯುವುದರೊಳಗೆ ಹೊಲ ಮುಗಿಸಿದರು. ಮುಂದಿನ ಐತವಾರ ಕಾಕಾನ ಹೊಲಕ್ಕೆ ಬರುತ್ತೇವೆ ಎಂದು ಹೇಳಿ ಹೋದರು.

ಹೋಗುವ ಮುಂಚೆ ಅಪ್ಪ ಅವರನ್ನು ಕೇಳಿದ್ದರು: "ನಿಮಗ ಯಾರು ಹೇಳ್ಯಾರ್ರಿ?" ಅವರು, "ನಮಗ ನಾವ ತಿಳಕೋಬೇಕಾಗಿತ್ತು, ತಿಳೀಲಿಲ್ಲ" ಎಂದಷ್ಟೇ ಹೇಳಿದರು. ನನ್ನ ಹೆಸರು ಎತ್ತಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿಬಿಟ್ಟೆ. "ಅಪ್ಪಾ, ನಾ ಹೇಳೇನಿ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಅಂದ್ರ ನನ್ನ ಬಾಯಿಲೆನ ಕೇಳಿದಂಗಾತು" ಎಂದರು. ಬೈಯಲಿಲ್ಲ. ಎರಡು ದಿನ ನನ್ನೊಡನೆ ಮಾತೂ ಆಡಲಿಲ್ಲ. ಆ ಎರಡು ದಿನ ನಾನು ಶಾಲೆಗೆ ಹೋಗಲಿಲ್ಲ, ಕಳಿಸಿ ಎಂದು ಕೇಳುವ ಧೈರ್ಯವಿರಲಿಲ್ಲ. ಹಂಚೂ ಹೋಯಿತು, ಏಳನೆಯದೂ ಹೋಯಿತು ಎಂದುಕೊಂಡಿದ್ದೆ.

ಬುಧವಾರ ನಸುಕಿನಲ್ಲಿ ಎತ್ತಿನ ಗಂಟೆ ಕೇಳಿ ಎದ್ದೆ. ಅಪ್ಪ ಗಾಡಿ ಹೂಡುತ್ತಿದ್ದರು. ಬೀದಿಯಲ್ಲಿ ಇನ್ನೂ ಹತ್ತು ಗಾಡಿ ಸಾಲಾಗಿ ನಿಂತಿದ್ದವು.

"ಯಾರರೆ ಹೇಳಿರಲಿ, ಮಾಸ್ತರು ಬಂದು ದುಡದಾರ. ಘಟಪ್ರಭಾಕ ಹೊಂಟೇವಿ. ಪುಸ್ತಕಾ ತಗೊಂಡು ನೀನೂ ತಯಾರಾಗು. ನಾಳಿ ಹಂಚಿನ ಗಾಡಿ ಈ ದಾರೀಲೆ ಮೂಡಲಗಿಗೆ ಹೋಗತಾವು, ಕುಂತು ಹೋಗು" ಎಂದರು.

ಹೋಳಿಯ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಖೋಲಿಯೊಳಗೆ ಹೋಗಿ ಗೋಡೆ ತಟ್ಟಿ ನೋಡಿದರು, ತಲೆಯೆತ್ತಿ ಹಂಚು ನೋಡಿದರು, ಗುತ್ತಿಗೆದಾರ ಯಾರು ಎಂದು ಕೇಳಿದರು.

"ಗುತ್ತಿಗೆದಾರ ಇಲ್ರಿ. ಮುಯ್ಯಿ ಮ್ಯಾಲೆ ಕಟ್ಟೀವಿ" ಎಂದರು ಹೆಡ್‌ಮಾಸ್ತರರು.

"ಅಂದ್ರ ಕೆಲಸಾ ಮುಗೀತಲ್ಲ?"

ಊರವರ ನಡುವೆ ನಿಂತಿದ್ದ ಅಪ್ಪ ಹೊರಗಿನಿಂದಲೇ ಉತ್ತರ ಕೊಟ್ಟರು. "ಖೋಲಿ ಮುಗೀತ್ರಿ ಸಾಹೇಬ್ರ. ಮುಯ್ಯಿ ಮುಗಿಯೂದಲ್ಲ. ಬರೂ ವರ್ಸ ನಾವು ಅಂಗಳಕ್ಕ ಗ್ವಾಡಿ ಹಾಕತೇವಿ, ಮಾಸ್ತರು ಜ್ವಾಳಕ್ಕ ಬರತಾರ."

ಸಾಹೇಬರು ಒಮ್ಮೆ ಅಪ್ಪನನ್ನು, ಒಮ್ಮೆ ಹೆಡ್‌ಮಾಸ್ತರರನ್ನು ನೋಡಿದರು. ಆಮೇಲೆ ಬರೆಯಲು ಕೂತರು.

ಮಂಜೂರಾತಿಯ ಕಾಗದ ಬೇಸಿಗೆಯ ರಜೆಯಲ್ಲಿ ಬಂತು. ಹೆಡ್‌ಮಾಸ್ತರರು ಅದನ್ನು ತಾವೇ ತುಕ್ಕಾನಟ್ಟಿಗೆ ತಂದು ಕಟ್ಟೆಯ ಮೇಲೆ ಕೂತು ಓದಿ ಹೇಳಿದರು. ಅಪ್ಪ ಎರಡು ಸಲ ಓದಿಸಿದರು. ಮಾರನೆಯ ದಿನ ಹೊಸ ರುಮಾಲು ಸುತ್ತಿಕೊಂಡು, ಯಾರನ್ನೂ ಜೊತೆಗೆ ಕರೆಯದೆ ಬೆಲ್ಲದ ಬಾಗೇವಾಡಿಗೆ ಹೋದರು. ಅಲ್ಲಿ ಏನೇನು ಮಾತಾಯಿತೋ ನನಗೆ ಗೊತ್ತಿಲ್ಲ. ಬಂದವರು ಕಾಲು ತೊಳೆದುಕೊಂಡು, ನೀರು ಕುಡಿದು, "ಸಾಲಿ ಯಾವಾಗ ಸುರು ಆಗತೈತಿ?" ಎಂದು ನನ್ನನ್ನು ಕೇಳಿದರು.