ಗಿರಿಜಕ್ಕನ ಹಾಲಿನ ಫ್ಯಾಟ್ ಎಲ್ಲಿ ಹೋಯಿತು?

"ಹಾಲಿಗೆ ನೀರು ಬೆರೆಸ್ತೀರಿ" ಎಂದು ಕೊಕ್ಕನೂರಿನ ಡೇರಿಯವರು ನಮ್ಮ ಗಿರಿಜಕ್ಕನಿಗೆ ಊರವರ ಎದುರೇ ಅಂದರಂತೆ, ಗೆಳೆಯರೇ. ಯಂತ್ರ ಫ್ಯಾಟ್ ಕಡಿಮೆ ತೋರಿಸಿತು ಎಂಬುದಷ್ಟೇ ಸಾಕ್ಷಿ! ಅಕ್ಕ ಇವತ್ತು ಬೆಳಿಗ್ಗೆ ಡೇರಿಗೆ ಒಯ್ಯುವ ತನ್ನ ಕ್ಯಾನಿನಿಂದಲೇ ತುಂಬಿ ಕಳಿಸಿದ ಬಾಟಲಿ ಹಿಡಿದು ದಾವಣಗೆರೆಯ ಪ್ರಯೋಗಾಲಯಕ್ಕೆ ನುಗ್ಗಿದೆ. ಹಿಂದೆ ಗಾಜಿನ ಕೊಳವೆಗೆ ಆಸಿಡ್ ಹಾಕಿ ಗಿರಗಿರ ತಿರುಗಿಸಿ ಅಳೆಯುತ್ತಿದ್ದರು, ಆಗ ಇಂಥ ಅನ್ಯಾಯ ಇರಲಿಲ್ಲ ಎಂದು ಅಲ್ಲಿದ್ದ ಹುಡುಗಿಗೆ ಭಾಷಣ ಬಿಗಿದೆ.

ಆಕೆ ಅದೇ ಕೊಳವೆಯಲ್ಲಿ ಅಳೆದು ತೋರಿಸಿದಳು. ಅದರಲ್ಲೂ ಕಡಿಮೆ!

"ನೀರು ಹಾಕಿಲ್ಲ ಸರ್, ಉಳಿದಿದ್ದೆಲ್ಲ ಸರಿ ಐತೆ. ಕೆನೆ ಮಾತ್ರ ಯಾರೋ ತಗದಾರೆ. ಮನೇಲಿ ಕೇಳ್ರಿ."

ಅಕ್ಕನಿಗೆ ಫೋನ್ ಮಾಡಿದೆ.

"ಯಾರ್ ತೆಗೀತಾರೋ? ಎಮ್ಮೆ ಕರೆದು ಕ್ಯಾನ್‌ನಾಗೆ ಇಟ್ಟಿರ್ತೀನಿ. ನಿಮ್ ಭಾವ ತಾಸುಗಟ್ಟಲೆ ಸ್ನಾನ ಮಾಡಿ ಬಂದು ಶಿವನ ಅಭಿಷೇಕಕ್ಕೆ ಮೇಲಿಂದ ಒಂದು ತಂಬಿಗೆ ತಗಂತಾರೆ. ಆಮೇಲೇ ಡೇರಿಗೆ. ದೇವರಿಗೆ ಕೊಡದೆ ಮಾರೋದು ಹೆಂಗೆ?"

"ಅಷ್ಟೊತ್ತಿಗೆ ಕೆನೆ ಮೇಲೆ ಬಂದಿರ್ತೈತಲ್ಲೇ ಅಕ್ಕ! ಕಲಕಿ ತಗಳ್ಳಾಕೆ ಹೇಳು."

"ನಾನ್ ಹೇಳಲ್ಲಪ್ಪ, ಬಂದು ನೀನೇ ಹೇಳು."

ನೀರು ಬೆರೆಸಿಲ್ಲ ಎಂಬ ವರದಿ ನನ್ನ ಜೇಬಿನಲ್ಲಿದೆ. ನಾಳೆ ಅದನ್ನು ಅದೇ ಊರವರ ಎದುರು ಓದಿಸುತ್ತೇನೆ. ಆಮೇಲೆ ಭಾವ ಬೇಗ ಸ್ನಾನ ಮುಗಿಸಬೇಕು, ಇಲ್ಲವೇ ಶಿವ ಕಲಕಿದ ಹಾಲಿನಲ್ಲಿ ಮೀಯಬೇಕು. ಭಾವನ ಸ್ನಾನ ನಾನು ಬಲ್ಲೆ. ಶಿವನನ್ನು ಒಪ್ಪಿಸುವುದೇ ಸುಲಭ.